ಪಾರ್ಕೋ, ಕೆರೆಯೋ, ಕಾಡೋ? ಬೆಂಗಳೂರಿನ ಪುಟ್ಟ ಮಕ್ಕಳಿಗೆ ಹೊರಾಂಗಣ ಆಟದ ಜಾಗ ಆರಿಸುವ ಬಗೆ

“ಮಿಸ್, ಮಗು ಹೊರಗೆ ಆಡ್ಬೇಕು ಅನ್ನೋದು ಗೊತ್ತು. ಆದ್ರೆ ಈ ಊರಲ್ಲಿ ಎಲ್ಲಿಗೆ ಕರ್ಕೊಂಡು ಹೋಗೋದು?”

ಶಿಶುವಿಹಾರದಲ್ಲಿ ಪಾಠ ಮಾಡುವ ನನಗೆ ಪ್ರತಿ ಜೂನ್‌ನಲ್ಲೂ ಈ ಪ್ರಶ್ನೆ ಬರುತ್ತದೆ. ಕೇಳುವವರ ಮುಂದೆ ಆಯ್ಕೆಗಳು ಬೇಕಾದಷ್ಟಿವೆ. ಅಪಾರ್ಟ್‌ಮೆಂಟಿನ ಆಟದ ಜಾಗ, ವಾರ್ಡಿನ ಪಾರ್ಕು, ಹತ್ತಿರದ ಕೆರೆ, ಕಬ್ಬನ್ ಪಾರ್ಕು, ಲಾಲ್‌ಬಾಗು, ತುರಹಳ್ಳಿ ಕಾಡು, ಶನಿವಾರದ ನೇಚರ್ ವಾಕು, ಊರಾಚೆಯ ತೋಟ, ‘ನೇಚರ್ ಸ್ಕೂಲ್’ ಎಂದು ಬೋರ್ಡು ಹಾಕಿದ ಪ್ರಿಸ್ಕೂಲು. ಇವುಗಳ ಜತೆಗೆ ದುಡ್ಡು, ಸಮಯ, ಟ್ರಾಫಿಕ್ಕು, ನಾಯಿ, ಸೊಳ್ಳೆ ಎಲ್ಲ ಸೇರಿ ಕೊನೆಗೆ ಮಗು ಮನೆಯಲ್ಲೇ ಟಿವಿ ಮುಂದೆ ಉಳಿಯುತ್ತದೆ. ಎರಡರಿಂದ ಆರು ವರ್ಷದ ಮಕ್ಕಳಿರುವ ಮನೆಯವರು ಕೂತು ತೀರ್ಮಾನ ಮಾಡಿಕೊಳ್ಳಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ. ಈ ವಯಸ್ಸಿನ ಮಗುವಿಗೆ ದೂರದ ದೊಡ್ಡ ಕಾಡಿಗಿಂತ, ದಿನಾ ಹೋಗಿ ಬರಬಹುದಾದ ಹತ್ತಿರದ ಅಂಗೈಯಗಲ ಮಣ್ಣು ಹೆಚ್ಚು ಕಲಿಸುತ್ತದೆ.

ಜಾಗ ನೋಡುವ ಮೊದಲು ಇವನ್ನು ನೋಡಿ

ಎಲ್ಲಕ್ಕಿಂತ ಮುಖ್ಯ, ವಾರಕ್ಕೆ ಎಷ್ಟು ಸಲ ಹೋಗಲಾಗುತ್ತದೆ ಎನ್ನುವುದು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಕೊಟ್ಟ ಮಾರ್ಗಸೂಚಿಯ ಪ್ರಕಾರ ಒಂದರಿಂದ ನಾಲ್ಕು ವರ್ಷದ ಮಕ್ಕಳು ದಿನಕ್ಕೆ ಕನಿಷ್ಠ 180 ನಿಮಿಷ ಮೈ ಆಡಿಸುತ್ತಿರಬೇಕು. ಮೂರು, ನಾಲ್ಕು ವರ್ಷದವರಾದರೆ ಅದರಲ್ಲಿ 60 ನಿಮಿಷ ಏದುಸಿರು ಬರುವಂಥ ಓಟ, ಜಿಗಿತ ಇರಬೇಕು. ತಿಂಗಳಿಗೊಂದು ಪ್ರವಾಸ ಈ ಲೆಕ್ಕದ ಹತ್ತಿರಕ್ಕೂ ಬರುವುದಿಲ್ಲ. ಇನ್ನೊಂದು ಕಾರಣವೂ ಇದೆ. ಚಿಕ್ಕ ಮಕ್ಕಳು ಕಲಿಯುವುದು ಅದೇ ಜಾಗವನ್ನು ಮತ್ತೆ ಮತ್ತೆ ನೋಡಿ. ಹೋದ ವಾರ ಬೋಳಾಗಿದ್ದ ಹೊಂಗೆ ಈ ವಾರ ಚಿಗುರಿದೆ, ನಿನ್ನೆ ಇದ್ದ ಇರುವೆ ಗೂಡಿನ ಬಾಯಿ ರಾತ್ರಿಯ ಮಳೆಗೆ ಮುಚ್ಚಿಹೋಗಿದೆ, ಮೊನ್ನೆ ಹತ್ತಲಾಗದ ಕಲ್ಲನ್ನು ಇವತ್ತು ಹತ್ತಲಾಯಿತು. ಮೊದಲು ಹೇಗಿತ್ತು ಎಂದು ಗೊತ್ತಿದ್ದರೆ ಮಾತ್ರ ಬದಲಾದದ್ದು ಕಣ್ಣಿಗೆ ಬೀಳುತ್ತದೆ.

ಆಮೇಲೆ, ಅಲ್ಲಿ ಮಗು ಏನನ್ನು ಎತ್ತಬಹುದು, ಸುರಿಯಬಹುದು, ಜೋಡಿಸಬಹುದು ಎಂದು ನೋಡಿ. ಜಾರುಬಂಡೆ ಒಂದೇ ಆಟ ಆಡಿಸುತ್ತದೆ. ಒಂದು ಕಡ್ಡಿ ಈಗ ಸೌಟು, ಇನ್ನೊಂದು ಗಳಿಗೆಗೆ ಮೀನು ಹಿಡಿಯುವ ಗಾಳ, ಆಮೇಲೆ ಬಸ್ಸಿನ ಗೇರು. ಹೀಗೆ ಬೇಕಾದಂತೆ ಬದಲಾಯಿಸಬಹುದಾದ ಬಿಡಿ ಸಾಮಾನು ಎಷ್ಟಿದೆಯೋ ಅಲ್ಲಿ ಅಷ್ಟು ಕಲ್ಪನೆ, ಅಷ್ಟು ಹೊಸ ಹುಡುಕಾಟ ಎಂಬ ವಿಚಾರವನ್ನು ಬ್ರಿಟಿಷ್ ಕಲಾವಿದ ಸೈಮನ್ ನಿಕಲ್ಸನ್ 1971ರಲ್ಲಿ ಮುಂದಿಟ್ಟರು. ನಮ್ಮ ಹಿಂದಿನವರ ಮಕ್ಕಳು ಹುಣಸೆ ಬೀಜ, ತೆಂಗಿನ ಚಿಪ್ಪು, ಬಳೆ ಚೂರು ಇಟ್ಟುಕೊಂಡು ಮಧ್ಯಾಹ್ನವಿಡೀ ಅಡುಗೆ ಆಟ ಆಡುತ್ತಿದ್ದದ್ದೂ ಇದೇ.

ಮೂರನೆಯದು ಸವಾಲು ಮತ್ತು ಅಪಾಯ. ಇವೆರಡೂ ಬೇರೆ. ಮಗು ತನ್ನ ಕಣ್ಣಿನಿಂದಲೇ ನೋಡಿ ಅಂದಾಜು ಮಾಡಬಹುದಾದದ್ದು ಸವಾಲು: ಬೇರಿನ ಮೇಲೆ ನಡೆಯುವುದು, ಇಳಿಜಾರಿನಲ್ಲಿ ಓಡುವುದು, ಮೊಣಕಾಲೆತ್ತರದ ಬಂಡೆಯಿಂದ ಹಾರುವುದು. ಮಗುವಿಗೆ ಕಾಣದ್ದು ಅಪಾಯ: ಒಡೆದ ಬಾಟಲಿ, ತುಕ್ಕು ಹಿಡಿದ ಬೇಲಿ, ಆಳ ಗೊತ್ತಾಗದ ನೀರು, ವಿಷದ ಕಾಯಿ. ಮೊದಲನೆಯದು ಇರುವ ಜಾಗ ಬೇಕು. ಎರಡನೆಯದನ್ನು ನಾವು ಮುಂಚೆಯೇ ಹೋಗಿ ನೋಡಿ ತೆಗೆಯಬೇಕು, ಆಗದಿದ್ದರೆ ಆ ಜಾಗ ಬಿಡಬೇಕು.

ಉಳಿದವು ಸರಳ. ನೆರಳಿದೆಯೇ, ಹತ್ತಿರ ಟಾಯ್ಲೆಟ್ ಇದೆಯೇ, ಕೈ ತೊಳೆಯಲು ನಲ್ಲಿ ಇದೆಯೇ. ಖರ್ಚು ಎಂದರೆ ಟಿಕೆಟ್ಟು ಮಾತ್ರ ಎಂದುಕೊಳ್ಳಬೇಡಿ. ಪೆಟ್ರೋಲು, ಪಾರ್ಕಿಂಗು, ಹೊರಗಿನ ತಿಂಡಿ, ಭಾನುವಾರದ ಅರ್ಧ ದಿನ ಎಲ್ಲ ಸೇರಿಸಿ ಲೆಕ್ಕ ಹಾಕಿ. ಕೊನೆಗೆ ಜತೆಗೆ ಹೋಗುವ ದೊಡ್ಡವರು. “ಮುಟ್ಬೇಡ, ಹತ್ಬೇಡ, ಕೊಳೆ” ಎನ್ನುತ್ತಲೇ ಇರುವವರ ಜತೆ ಲಾಲ್‌ಬಾಗಿಗೆ ಹೋಗುವುದಕ್ಕಿಂತ, ಸುಮ್ಮನೆ ಕಲ್ಲುಬೆಂಚಿನ ಮೇಲೆ ಕೂತು ನೋಡುವ ಅಜ್ಜಿಯ ಜತೆ ಬೀದಿ ಕೊನೆಯ ಪಾರ್ಕಿಗೆ ಹೋಗುವುದು ಮಗುವಿಗೆ ಲಾಭ.

ಇಷ್ಟೆಲ್ಲ ಯಾಕೆ ಎನ್ನುವವರಿಗೆ ಎರಡು ವಿಷಯ. ಚೀನಾದ ಗುವಾಂಗ್‌ಝೌನಲ್ಲಿ ಒಂದನೇ ತರಗತಿಯ ಮಕ್ಕಳಿಗೆ ಶಾಲೆಯಲ್ಲಿ ದಿನಕ್ಕೆ 40 ನಿಮಿಷ ಹೆಚ್ಚಾಗಿ ಹೊರಗಿನ ಚಟುವಟಿಕೆ ಕೊಟ್ಟು ಮೂರು ವರ್ಷ ನೋಡಿದರು. 2015ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ದೂರದ್ದು ಮಂಜಾಗಿ ಕಾಣುವ ಸಮೀಪದೃಷ್ಟಿ ಹೊಸದಾಗಿ ಬಂದವರು ಉಳಿದ ಮಕ್ಕಳಲ್ಲಿ 39.5% ಇದ್ದರೆ ಇವರಲ್ಲಿ 30.4%. ಹಗಲಿನ ಬೆಳಕೇ ಇಲ್ಲಿ ಔಷಧ ಎಂದು ನಂಬಲಾಗಿದೆ. ಫಿನ್ಲೆಂಡಿನಲ್ಲಿ ಡೇಕೇರ್ ಅಂಗಳಕ್ಕೆ ಕಾಡಿನ ನೆಲದ ಮಣ್ಣು, ಹುಲ್ಲು ತಂದು ಹಾಸಿ 28 ದಿನ ಮಕ್ಕಳನ್ನು ಆಡಲು ಬಿಟ್ಟಾಗ ಅವರ ಚರ್ಮದ ಮೇಲಿನ ಸೂಕ್ಷ್ಮಜೀವಿಗಳ ವೈವಿಧ್ಯ ಹೆಚ್ಚಿತು, ರಕ್ತದಲ್ಲಿ ರೋಗನಿರೋಧಕ ವ್ಯವಸ್ಥೆಯ ಸೂಚಕಗಳೂ ಬದಲಾದವು. ಇದು 2020ರ ಅಧ್ಯಯನ. ಮಕ್ಕಳನ್ನು ಯಾರೂ ಕಾಡಿಗೆ ಒಯ್ಯಲಿಲ್ಲ, ಇದ್ದ ಅಂಗಳಕ್ಕೇ ಮಣ್ಣು ಬಂತು. ಬೆಂಗಳೂರಿನ ನಮಗೆ ಹೆಚ್ಚು ಉಪಯೋಗಕ್ಕೆ ಬರುವ ಪಾಠ ಇದೇ.

ಅಪಾರ್ಟ್‌ಮೆಂಟಿನ ಆಟದ ಜಾಗ

ಎಷ್ಟು ಸಲ ಎಂಬ ಲೆಕ್ಕದಲ್ಲಿ ಇದನ್ನು ಮೀರಿಸುವುದು ಯಾವುದೂ ಇಲ್ಲ. ಲಿಫ್ಟಿನಲ್ಲಿ ಇಳಿದರೆ ಆಯಿತು, ಓರಗೆಯ ಮಕ್ಕಳು ಸಿಗುತ್ತಾರೆ, ಗೇಟಿನಲ್ಲಿ ಸೆಕ್ಯುರಿಟಿ ಇರುತ್ತಾರೆ, ಅಜ್ಜ ಅಜ್ಜಿಯರೂ ಕರೆದೊಯ್ಯಬಹುದು. ಆದರೆ ಬಿಡಿ ಸಾಮಾನಿನ ಲೆಕ್ಕದಲ್ಲಿ ಬಹುತೇಕ ಶೂನ್ಯ. ಬಣ್ಣದ ರಬ್ಬರ್ ಹಾಸು, ಪ್ಲಾಸ್ಟಿಕ್ ಜಾರುಬಂಡೆ, ಸುತ್ತ ಕತ್ತರಿಸಿಟ್ಟ ಬೇಲಿಗಿಡ. ಏಪ್ರಿಲ್ ಮಧ್ಯಾಹ್ನ ಆ ರಬ್ಬರ್ ಮೇಲೆ ಬರಿಗಾಲಿಡಲು ಆಗುವುದಿಲ್ಲ.

ಇದನ್ನು ಸರಿಮಾಡುವುದು ಕಷ್ಟವಲ್ಲ. ಅಸೋಸಿಯೇಷನ್ ಸಭೆಯಲ್ಲಿ ಒಂದು ಮೂಲೆ ಕೇಳಿ. ಎರಡು ಟ್ರಾಲಿ ಕೆಮ್ಮಣ್ಣು, ಕಡಿದ ಮರದ ನಾಲ್ಕಾರು ದಿಮ್ಮಿ, ಹಳೆಯ ಪಾತ್ರೆ, ಒಂದು ನಲ್ಲಿ ಇದ್ದರೆ ಸಾಕು. ರಾತ್ರಿ ಟಾರ್ಪಾಲ್ ಮುಚ್ಚಿ, ಇಲ್ಲದಿದ್ದರೆ ಬೆಕ್ಕು, ನಾಯಿ ಬಂದು ಹೊಲಸು ಮಾಡುತ್ತವೆ, ಅದರಿಂದ ಜಂತುಹುಳು ಹರಡುತ್ತದೆ. ಗಿಡಗಳಿಗೆ ಕೀಟನಾಶಕ ಹೊಡೆಯುವ ದಿನ ಯಾವುದು ಎಂದು ಮುಂಚೆಯೇ ತಿಳಿದುಕೊಳ್ಳಿ. ಹತ್ತು ಮನೆ ಹಂಚಿಕೊಂಡರೆ ಖರ್ಚು ಒಂದು ವಾರಾಂತ್ಯದ ಮಾಲ್ ಓಡಾಟಕ್ಕಿಂತ ಕಡಿಮೆ. “ಮಕ್ಕಳು ಲಿಫ್ಟ್ ಗಲೀಜು ಮಾಡ್ತಾರೆ” ಎಂಬ ಆಕ್ಷೇಪ ಬಂದೇ ಬರುತ್ತದೆ. ಕಾಲು ತೊಳೆಯುವ ನಲ್ಲಿಯನ್ನು ಅಲ್ಲೇ ಹಾಕಿಸಿ.

ವಾರ್ಡಿನ ಪಾರ್ಕು

ಹೆಚ್ಚಿನ ಮನೆಗಳಿಗೆ ನಾನು ಸೂಚಿಸುವುದು ಇದನ್ನೇ. ಪುಕ್ಕಟೆ, ನಡೆದುಹೋಗುವ ದೂರ, ನೆರಳು. ಆದರೆ ಪಾರ್ಕಿನಿಂದ ಪಾರ್ಕಿಗೆ ವ್ಯತ್ಯಾಸ ಬಹಳ. ಬಸವನಗುಡಿಯ ಕೃಷ್ಣರಾವ್ ಪಾರ್ಕಿನಂಥ ಹಳೆಯ ಬಡಾವಣೆಯ ಪಾರ್ಕುಗಳಲ್ಲಿ ದೊಡ್ಡ ಮರಗಳಿವೆ, ಮರಗಳ ಕೆಳಗೆ ಬರಿ ನೆಲವಿದೆ. ಹೊಸ ಲೇಔಟಿನ ಕೆಲವು ಪಾರ್ಕುಗಳಲ್ಲಿ ಪೇವರ್ ಬ್ಲಾಕು, ಜಿಮ್ ಸಾಮಾನು, ಕಾರಂಜಿ ಬಿಟ್ಟರೆ ಮಗುವಿನ ಕೈಗೆ ಸಿಗುವ ಮಣ್ಣೇ ಇಲ್ಲ. ಹತ್ತಿರ ಎರಡು ಪಾರ್ಕುಗಳಿದ್ದರೆ ಜಾರುಬಂಡೆ ಚೆನ್ನಾಗಿರುವುದನ್ನು ಬಿಟ್ಟು, ಉದುರಿದ ಎಲೆ ಗುಡಿಸದೆ ಬಿಟ್ಟಿರುವ ಮೂಲೆ ಯಾವುದರಲ್ಲಿದೆಯೋ ಅದಕ್ಕೆ ಹೋಗಿ.

2024ರಲ್ಲಿ ಪಾಲಿಕೆಯ ಪಾರ್ಕುಗಳನ್ನು ಬೆಳಿಗ್ಗೆ 5ರಿಂದ ರಾತ್ರಿ 10ರವರೆಗೆ ತೆರೆದಿಡುವ ತೀರ್ಮಾನವಾಯಿತು. ಆದರೂ ನಿಮ್ಮ ಪಾರ್ಕಿನ ಗೇಟಿಗೆ ಮಧ್ಯಾಹ್ನ ಬೀಗ ಬೀಳುತ್ತದೆಯೇ ಎಂದು ಹೋಗಿ ನೋಡಿ. ಸಂಜೆ ಐದರ ನಂತರ ವಾಕಿಂಗ್ ಮಾಡುವವರ ಸಾಲು, ಅದರ ಮಧ್ಯೆ ಮಗು ಕೂತು ಹುಳ ನೋಡಿದರೆ ಬೈಗುಳ. ಶಾಲೆಗೆ ಇನ್ನೂ ಹೋಗದ ಮಗುವಾದರೆ ಬೆಳಿಗ್ಗೆ ಒಂಬತ್ತರಿಂದ ಹತ್ತೂವರೆ ಒಳ್ಳೆಯ ಹೊತ್ತು.

ಪಾರ್ಕಿನ ಮಾಲಿಯ ಪರಿಚಯ ಮಾಡಿಕೊಳ್ಳಿ. ನಾನು ಇದನ್ನು ಒತ್ತಿ ಹೇಳುತ್ತೇನೆ. ಹುಲ್ಲಿನ ಮೇಲೆ ನಡೆಯಬಾರದು ಎಂಬ ಬೋರ್ಡು ಎಲ್ಲಿಯವರೆಗೆ ಅನ್ವಯ, ಯಾವ ಮೂಲೆಯಲ್ಲಿ ಮಗು ಗುಂಡಿ ತೋಡಿದರೆ ತೊಂದರೆಯಿಲ್ಲ, ಯಾವ ಪೊದೆಯಲ್ಲಿ ಕೇರೆಹಾವು ಓಡಾಡುತ್ತದೆ ಎಂಬುದೆಲ್ಲ ಅವರಿಗೆ ಗೊತ್ತು. ಮನೆಯಲ್ಲಿ ತಮಿಳೋ ತೆಲುಗೋ ಹಿಂದಿಯೋ ಆಡುವ ಮಕ್ಕಳು ನಮ್ಮ ಶಿಶುವಿಹಾರದಲ್ಲಿ ಬಹಳ ಇದ್ದಾರೆ. ಅವರಿಗೆ ಪುಸ್ತಕದ ಚಿತ್ರದಿಂದ ಬಾರದ ಕನ್ನಡ, ಮಾಲಿಯ ಹಿಂದೆ ಪೈಪು ಹಿಡಿದು ಓಡುವಾಗ ತಾನಾಗಿ ಬರುತ್ತದೆ. ಎರೆಹುಳು, ಬಸವನಹುಳು, ಗೊದ್ದ, ಏರೋಪ್ಲೇನ್ ಚಿಟ್ಟೆ, ಮುಟ್ಟಿದರೆ ಮುನಿ ಎಂಬ ಹೆಸರುಗಳನ್ನು ಒಂದು ಸಲ ಕೇಳಿದರೆ ಅವರು ಮರೆಯುವುದಿಲ್ಲ, ಏಕೆಂದರೆ ಹೆಸರಿನ ಜತೆ ಅದು ಕೈಯಲ್ಲೇ ಇರುತ್ತದೆ.

ಪಾರ್ಕಿನಲ್ಲಿ ಎಚ್ಚರ ಬೇಕಾದದ್ದು ಗಿಡಗಳ ಬಗ್ಗೆ. ಕಣಗಿಲೆಯ ಎಲ್ಲ ಭಾಗವೂ ವಿಷ. ಹಳದಿ ಹೂವಿನ ಕಾಡುಕಣಗಿಲೆಯ ಬೀಜ ಇನ್ನೂ ಅಪಾಯ, ಅದು ಹೃದಯದ ಬಡಿತವನ್ನೇ ಕೆಡಿಸುತ್ತದೆ. ಬೇಲಿ ಬದಿಯ ಹರಳು, ಉಮ್ಮತ್ತಿ, ಕೆಂಪು ಕಪ್ಪಿನ ಗುಲಗಂಜಿ ಮಕ್ಕಳ ಬಾಯಿಗೆ ಹೋಗಬಾರದು. ಕಾಂಗ್ರೆಸ್ ಗಿಡ ತುರಿಕೆ, ಉಬ್ಬಸ ತರಬಲ್ಲದು. ಇವನ್ನು ನೀವು ಮೊದಲು ಗುರುತಿಸಲು ಕಲಿತರೆ ಉಳಿದೆಲ್ಲವನ್ನೂ ಮುಟ್ಟಲು ಧೈರ್ಯವಾಗಿ ಬಿಡಬಹುದು. ಮಳೆಗಾಲದಲ್ಲಿ ಗೋಡೆ ಹತ್ತುವ ದೊಡ್ಡ ಆಫ್ರಿಕನ್ ಬಸವನಹುಳುವನ್ನು ಬರಿಗೈಯಲ್ಲಿ ಹಿಡಿಯಬಾರದು, ಅದು ರೋಗದ ಹುಳುಗಳನ್ನು ಹೊತ್ತಿರಬಹುದು, ಕಡ್ಡಿಯಿಂದ ತೋರಿಸಿ. ಬೀದಿನಾಯಿಗಳಿರುವ ಪಾರ್ಕಾದರೆ ಮಗುವಿನ ಕೈಯಲ್ಲಿ ಬಿಸ್ಕತ್ತು ಬೇಡ. ಕಚ್ಚಿದರೆ, ಪರಚಿದರೂ ಸರಿ, ಹರಿಯುವ ನೀರಿನಲ್ಲಿ ಸೋಪು ಹಚ್ಚಿ 15 ನಿಮಿಷ ತೊಳೆದು ಅದೇ ದಿನ ಲಸಿಕೆಗೆ ಆಸ್ಪತ್ರೆಗೆ ಹೋಗಬೇಕು.

ಕೆರೆ

ಕೆರೆ ನೋಡಲು ಕಲಿಸುತ್ತದೆ, ಮುಟ್ಟಲು ಕಲಿಸುವುದು ಕಡಿಮೆ. ಜಕ್ಕೂರು ಕೆರೆಯಲ್ಲಿ ಕೊಳಚೆ ನೀರು ಶುದ್ಧೀಕರಣ ಘಟಕದಿಂದ ಬಂದ ನೀರು ಜೊಂಡು ಬೆಳೆದ ಜೌಗಿನ ಮೂಲಕ ಹಾದು ಕೆರೆ ಸೇರುವುದನ್ನು ಕಣ್ಣಾರೆ ನೋಡಬಹುದು. ಸರ್ಜಾಪುರ ರಸ್ತೆಯ ಕೈಕೊಂಡ್ರಹಳ್ಳಿ ಕೆರೆ, ಜೆ.ಪಿ. ನಗರದ ಪುಟ್ಟೇನಹಳ್ಳಿ ಕೆರೆ ಸುತ್ತಲಿನ ಜನರೇ ಮುಂದೆ ನಿಂತು ಉಳಿಸಿಕೊಂಡವು. ಸದಾಶಿವನಗರದ ಸ್ಯಾಂಕಿ ಕೆರೆ 1882ರಲ್ಲಿ ಕಟ್ಟಿದ್ದು. ನವೆಂಬರ್‌ನಿಂದ ಫೆಬ್ರವರಿವರೆಗೆ ವಲಸೆ ಬಾತುಗಳು ಬರುತ್ತವೆ. ವರ್ಷವಿಡೀ ನಾಮಗೋಳಿ, ನೀರುಕಾಗೆ, ಕೊಕ್ಕರೆ, ಅದೃಷ್ಟವಿದ್ದರೆ ಮಿಂಚುಳ್ಳಿ ಕಾಣುತ್ತವೆ. ನಾಲ್ಕು ದಾಟಿದ, ಸ್ವಲ್ಪ ಹೊತ್ತು ಒಂದೆಡೆ ನಿಲ್ಲಬಲ್ಲ ಮಗುವಿಗೆ ಇದು ಬಹಳ ಹಿಡಿಸುತ್ತದೆ. ಎರಡು ವರ್ಷದ ಮಗುವಿಗೆ ಹಕ್ಕಿ ತುಂಬ ದೂರ, ನೀರು ತುಂಬ ಹತ್ತಿರ. ಅದರ ಕೈ ಬಿಡುವಂತಿಲ್ಲ, ಕೈ ಹಿಡಿದೇ ಇದ್ದರೆ ಆಟವಾಗುವುದಿಲ್ಲ. ಜತೆಗೆ ನಮ್ಮ ಅನೇಕ ಕೆರೆಗಳಿಗೆ ಇನ್ನೂ ಚರಂಡಿ ನೀರು ಸೇರುತ್ತಿದೆ, ಆ ನೀರಿನಲ್ಲಿ ಕೈ ಆಡಿಸಲು ಬಿಡಬೇಡಿ. ಕೆರೆ ಹತ್ತಿರವಿದ್ದರೆ ವಾರಕ್ಕೊಮ್ಮೆ ಹೋಗಿ, ನೀರಾಟವನ್ನು ಮನೆಯ ಬಕೆಟ್ಟಿನಲ್ಲಿ ಆಡಿಸಿ.

ಕಬ್ಬನ್ ಪಾರ್ಕೋ ಲಾಲ್‌ಬಾಗೋ

ಎರಡಕ್ಕೂ ಮೆಟ್ರೋ ಇದೆ: ನೇರಳೆ ಮಾರ್ಗದಲ್ಲಿ ಕಬ್ಬನ್ ಪಾರ್ಕ್ ನಿಲ್ದಾಣ, ಹಸಿರು ಮಾರ್ಗದಲ್ಲಿ ಲಾಲ್‌ಬಾಗ್ ನಿಲ್ದಾಣ. ಹಾಗಾಗಿ ಕಾರಿಲ್ಲದವರಿಗೂ ಸುಲಭ. ಆದರೆ ಇವುಗಳ ಸ್ವಭಾವ ಬೇರೆ ಬೇರೆ.

1870ರಲ್ಲಿ ಆರಂಭವಾದ ಕಬ್ಬನ್ ಪಾರ್ಕಿಗೆ ಪ್ರವೇಶ ಶುಲ್ಕವಿಲ್ಲ. ಬಿದಿರು ಮೆಳೆಗಳು, ಹತ್ತಬಹುದಾದ ಸಣ್ಣ ಬಂಡೆಗಳು, ನೆಲದ ಮೇಲೆಯೇ ಹರಡಿದ ದಪ್ಪ ಬೇರುಗಳು, ಉದುರಿದ ಕಾಯಿ ಕಡ್ಡಿ ಎಲ್ಲ ಧಾರಾಳ. ಭಾನುವಾರ ಒಳರಸ್ತೆಗಳಲ್ಲಿ ವಾಹನ ಬಿಡುವುದಿಲ್ಲ, ಆ ಬೆಳಿಗ್ಗೆ ಮಗು ಕೈ ಬಿಡಿಸಿಕೊಂಡು ಓಡಿದರೂ ಎದೆ ಧಸಕ್ಕೆನ್ನುವುದಿಲ್ಲ. ಉಳಿದ ದಿನ ರಸ್ತೆ ಹತ್ತಿರದ ಭಾಗ ಬಿಟ್ಟು ಒಳಗೆ ಕೂರಬೇಕು.

ಲಾಲ್‌ಬಾಗ್ 240 ಎಕರೆ, ಹೈದರಾಲಿ ಶುರು ಮಾಡಿದ ಸಸ್ಯತೋಟ. ದೊಡ್ಡವರಿಗೆ ಟಿಕೆಟ್ಟು ಇದೆ. ಸಸ್ಯತೋಟವಾದ್ದರಿಂದ ಕೀಳಬೇಡ, ಹತ್ತಬೇಡ ಎಂಬ ನಿಯಮ ಹೆಚ್ಚು, ಅದು ನ್ಯಾಯವೂ ಹೌದು. ಆದರೆ ಇಲ್ಲಿ ಎಲ್ಲೂ ಸಿಗದ ಒಂದು ವಸ್ತುವಿದೆ, ಕೆಂಪೇಗೌಡ ಗೋಪುರ ನಿಂತಿರುವ ಬಂಡೆ. ಸುಮಾರು 300 ಕೋಟಿ ವರ್ಷ ಹಳೆಯದು, ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಮೂರು ವರ್ಷದ ಮಗುವಿಗೆ ಕೋಟಿ ಗೊತ್ತಿಲ್ಲ, ಆದರೆ ಆ ಇಳಿಜಾರನ್ನು ನಾಲ್ಕು ಕಾಲಿನಲ್ಲಿ ಹತ್ತಿ, ಕೂತು ಜಾರಿ, ಮತ್ತೆ ಹತ್ತುವ ಆಸೆ ಗೊತ್ತು. ಬೆಳಿಗ್ಗೆ ಎಂಟರೊಳಗೆ ಹೋಗಿ, ಆಮೇಲೆ ಕಲ್ಲು ಕಾಯುತ್ತದೆ. ಜನವರಿ ಮತ್ತು ಆಗಸ್ಟ್‌ನ ಫಲಪುಷ್ಪ ಪ್ರದರ್ಶನದ ದಿನಗಳಲ್ಲಿ ಪುಟ್ಟ ಮಕ್ಕಳನ್ನು ಕರೆದೊಯ್ಯಬೇಡಿ, ಜನರ ಕಾಲು ಬಿಟ್ಟು ಬೇರೇನೂ ಅವರಿಗೆ ಕಾಣಿಸದು.

ಆಡಲು ಕಬ್ಬನ್, ಹತ್ತಲು ಮತ್ತು ನೋಡಲು ಲಾಲ್‌ಬಾಗ್. ಎರಡರಲ್ಲೂ ದೊಡ್ಡ ಮರಗಳ ಮೇಲೆ ಹೆಜ್ಜೇನು ಕಟ್ಟಿರುತ್ತದೆ, ಅದರ ಕೆಳಗೆ ಚಾಪೆ ಹಾಸಬೇಡಿ. ಏಪ್ರಿಲ್, ಮೇ ತಿಂಗಳ ಸಂಜೆ ಗಾಳಿಮಳೆ ಎದ್ದರೆ ಮರದಡಿಯಿಂದ ಕೂಡಲೇ ಹೊರಬನ್ನಿ.

ತುರಹಳ್ಳಿ, ದೊಡ್ಡ ಆಲದ ಮರ ಮತ್ತು ಆಚೆ

ಕನಕಪುರ ರಸ್ತೆ ಕಡೆಯ ತುರಹಳ್ಳಿ ನಿಜವಾದ ಕುರುಚಲು ಕಾಡು. 2021ರಲ್ಲಿ ಇಲ್ಲಿ ಟ್ರೀ ಪಾರ್ಕ್ ಮಾಡಹೊರಟಾಗ ಸುತ್ತಲಿನ ಜನ ಬೀದಿಗಿಳಿದು ವಿರೋಧಿಸಿದ್ದು ಇದು ಕಾಡಾಗಿಯೇ ಇರಲಿ ಎಂದು. ಅದಕ್ಕೆ ತಕ್ಕ ಹಾಗೆ ಇಲ್ಲಿ ಜಾರುಬಂಡೆ, ನಲ್ಲಿ, ನೆರಳುಚಪ್ಪರ ನಿರೀಕ್ಷಿಸಬಾರದು. ಹಾವುಗಳಿವೆ, ಸುತ್ತಮುತ್ತ ಚಿರತೆ ಕಂಡದ್ದೂ ಉಂಟು. ಐದಾರು ವರ್ಷದ ಮಗು, ಶೂ, ಉದ್ದ ಪ್ಯಾಂಟು, ಎರಡು ಮೂರು ಮನೆಯವರ ಗುಂಪು, ಬೆಳಗಿನ ಹೊತ್ತು, ಅರಣ್ಯ ಇಲಾಖೆಯ ನಿಯಮ ಕೇಳಿಕೊಂಡು ಹೋಗುವುದು, ಇಷ್ಟಿದ್ದರೆ ಹೋಗಿ. ಹಾವು ಕಚ್ಚಿದರೆ ಕಟ್ಟು ಹಾಕಬಾರದು, ಕೊಯ್ಯಬಾರದು, ಮಗುವನ್ನು ನಡೆಸದೆ 108ಕ್ಕೆ ಕರೆ ಮಾಡಬೇಕು ಎಂದು ಗುಂಪಿನ ಎಲ್ಲರಿಗೂ ಗೊತ್ತಿರಲಿ. ಅದಕ್ಕಿಂತ ಚಿಕ್ಕವರಿಗೆ ನಾನು ಇದನ್ನು ಹೇಳುವುದಿಲ್ಲ.

ರಾಮೋಹಳ್ಳಿ ಬಳಿಯ ದೊಡ್ಡ ಆಲದ ಮರ ಸುಮಾರು ಮೂರು ಎಕರೆ ಹರಡಿದೆ. ಬಿಳಲುಗಳ ಮಧ್ಯೆ ಕಣ್ಣಾಮುಚ್ಚಾಲೆಗೆ ಇದಕ್ಕಿಂತ ಒಳ್ಳೆಯ ಜಾಗ ನನಗೆ ಗೊತ್ತಿಲ್ಲ. ಕೋತಿಗಳ ಕಾಟವಿದೆ, ತಿಂಡಿ ಕಾರಿನಲ್ಲೇ ಮುಗಿಸಿ. ಬನ್ನೇರುಘಟ್ಟದ ಚಿಟ್ಟೆ ಪಾರ್ಕು ಚೆನ್ನಾಗಿದೆ, ಆದರೆ ಅದು ನೋಡುವ ಜಾಗ. ಮಂಗಳವಾರ ರಜೆ ಎಂಬುದು ನೆನಪಿರಲಿ.

ಶನಿವಾರದ ನೇಚರ್ ವಾಕು, ತೋಟ, ಅಜ್ಜಿಯ ಊರು

ದುಡ್ಡು ಕೊಟ್ಟು ಸೇರುವ ನೇಚರ್ ವಾಕಿನಿಂದ ಹೆಚ್ಚು ಕಲಿಯುವವರು ಅಪ್ಪ ಅಮ್ಮ. ಗೊತ್ತಿರುವವರು ಜತೆಗಿದ್ದು ಮರದ ತೊಗಟೆಯಲ್ಲಿ ಏನು ನೋಡಬೇಕು ಎಂದು ತೋರಿಸಿದರೆ ನಿಮ್ಮ ಪಾರ್ಕಿಗೆ ವಾಪಸ್ ಹೋದಾಗ ಅದೇ ಕಣ್ಣು ಕೆಲಸಕ್ಕೆ ಬರುತ್ತದೆ. ಹಾಗಾಗಿ ವರ್ಷಕ್ಕೆ ಒಂದೆರಡು ಸಾಕು. ಆರಿಸುವಾಗ ಒಬ್ಬ ಗೈಡಿಗೆ ಎಷ್ಟು ಮಕ್ಕಳು, ಅರ್ಧ ಸಮಯವಾದರೂ ಸುಮ್ಮನೆ ಆಡಲು ಬಿಡುತ್ತಾರೆಯೇ ಎಂದು ಕೇಳಿ. ವರ್ಕ್‌ಶೀಟು, ಸರ್ಟಿಫಿಕೇಟು ಇದ್ದರೆ ಈ ವಯಸ್ಸಿಗೆ ಅದು ಬೇಡ.

ತೋಟದ ವಿಷಯದಲ್ಲಿ, ದೇವನಹಳ್ಳಿ, ದೊಡ್ಡಬಳ್ಳಾಪುರ, ಕನಕಪುರ ಕಡೆ ನೆಂಟರೋ ಸ್ನೇಹಿತರೋ ಹೊಲ ಮಾಡುತ್ತಿದ್ದರೆ ಬಾಡಿಗೆಯ ಫಾರ್ಮ್ ಸ್ಟೇಗಿಂತ ಅದೇ ಮೇಲು. ಜುಲೈನಲ್ಲಿ ರಾಗಿ ಬಿತ್ತಿದ ಹೊಲಕ್ಕೆ ಡಿಸೆಂಬರ್ ಹೊತ್ತಿಗೆ ಮತ್ತೊಮ್ಮೆ ಹೋದರೆ ಮಗುವಿಗೆ ಬೀಜದಿಂದ ತೆನೆವರೆಗಿನ ಕಥೆ ಅರ್ಧವಾದರೂ ಹಿಡಿಯುತ್ತದೆ. ಆ ಚಳಿಯಲ್ಲಿ ಅವರೆಕಾಯಿ ಬಿಡಿಸುವ, ಹಿತಕುವ ಕೆಲಸವನ್ನು ಮೂರು ವರ್ಷದ ಬೆರಳುಗಳೂ ಮಾಡುತ್ತವೆ. ಪೆನ್ಸಿಲ್ ಹಿಡಿಯಲು ಬೇಕಾದ ಬೆರಳಿನ ಶಕ್ತಿ ಬರುವುದು ಇಂಥ ಕೆಲಸದಿಂದಲೇ. ಅಜ್ಜಿಯ ಊರು ಇರುವವರು ಬೇಸಿಗೆ ರಜೆಯಲ್ಲಿ ಸಮ್ಮರ್ ಕ್ಯಾಂಪಿನ ದುಡ್ಡು ಉಳಿಸಿ ಎರಡು ವಾರ ಅಲ್ಲಿಗೆ ಕಳಿಸಿ. ಹೋಗುವ ಮುನ್ನ ಬಾವಿ, ಕೃಷಿ ಹೊಂಡಕ್ಕೆ ಬೇಲಿ ಇದೆಯೇ ಎಂದು ಫೋನಿನಲ್ಲಿ ಕೇಳಿ. ಹಳ್ಳಿಯಲ್ಲಿ ಪುಟ್ಟ ಮಕ್ಕಳಿಗೆ ದೊಡ್ಡ ಅಪಾಯ ಅದೇ.

ಪ್ರಿಸ್ಕೂಲು ಆರಿಸುವವರಿಗೆ

ಇಲ್ಲಿ ಹಣ ಹೆಚ್ಚು, ಗೊಂದಲವೂ ಹೆಚ್ಚು. ಹೊರಗೆ ಕಲಿಸುವುದು ಹೊಸ ಫ್ಯಾಷನ್ ಏನಲ್ಲ. ಜರ್ಮನಿಯಲ್ಲಿ ಶಿಕ್ಷಣತಜ್ಞ ಫ್ರೋಬೆಲ್ 1840ರಲ್ಲಿ ಕಿಂಡರ್‌ಗಾರ್ಟನ್ ಎಂದು ಹೆಸರಿಟ್ಟಾಗ ಮಕ್ಕಳಿಗೆ ತಮ್ಮದೇ ಪಾತಿಗಳಿದ್ದ ತೋಟ ಅದರ ಭಾಗವಾಗಿತ್ತು. ಡೆನ್ಮಾರ್ಕಿನಲ್ಲಿ 1950ರ ದಶಕದಲ್ಲಿ ಎಲ್ಲಾ ಫ್ಲಾಟೌ (Ella Flatau) ಎಂಬ ಮಹಿಳೆ ಮಕ್ಕಳನ್ನು ದಿನಾ ಕಾಡಿಗೇ ಕರೆದೊಯ್ದರು. ನಮ್ಮ 2020ರ ರಾಷ್ಟ್ರೀಯ ಶಿಕ್ಷಣ ನೀತಿ ಮೂರರಿಂದ ಎಂಟು ವರ್ಷದ ಬುನಾದಿ ಹಂತಕ್ಕೆ ಆಟ ಆಧಾರಿತ ಕಲಿಕೆಯನ್ನೇ ಹೇಳುತ್ತದೆ. ಹಾಗಾಗಿ ‘ನೇಚರ್’ ಬೋರ್ಡಿಗೆ ಮಾತ್ರ ಹೆಚ್ಚು ಶುಲ್ಕ ಕೊಡಬೇಕಿಲ್ಲ, ಯಾವ ಶಾಲೆಯನ್ನಾದರೂ ಇದನ್ನು ಕೇಳಬಹುದು.

ಭೇಟಿಗೆ ಹೋದಾಗ “ನಿಮ್ಮ ಪದ್ಧತಿ ಏನು” ಎಂದು ಕೇಳಿದರೆ ಚಂದದ ಉತ್ತರ ಬರುತ್ತದೆ. ಬದಲಿಗೆ “ನಿನ್ನೆ ಮಕ್ಕಳು ಎಷ್ಟು ಹೊತ್ತು ಹೊರಗಿದ್ದರು, ಮಳೆ ಬಂದಾಗ ಏನು ಮಾಡಿದಿರಿ” ಎಂದು ಕೇಳಿ. ಮಕ್ಕಳ ಬಟ್ಟೆ, ಚಪ್ಪಲಿ ನೋಡಿ, ಮಣ್ಣಾಗಿದೆಯೇ? ಅಂಗಳದಲ್ಲಿ ಕೃತಕ ಹುಲ್ಲೋ ನೆಲವೋ? ಬದಲಿ ಬಟ್ಟೆ ಇಡಲು ಜಾಗವಿದೆಯೇ? ಒಬ್ಬ ಟೀಚರಿಗೆ ಎಷ್ಟು ಮಕ್ಕಳು? ಈ ನಗರದಲ್ಲಿ ನಿಜವಾಗಿಯೂ ಮರಗಳಿರುವ, ದಿನಾ ಹೊರಗೆ ಬಿಡುವ ಖಾಸಗಿ ಶಾಲೆಗಳಲ್ಲಿ ವರ್ಷದ ಶುಲ್ಕ ಲಕ್ಷ ದಾಟುವುದು ಸಾಮಾನ್ಯ, ಹಲವು ಊರ ಅಂಚಿನಲ್ಲಿವೆ. ವ್ಯಾನಿನಲ್ಲಿ ಹೋಗಿ ಬರಲು ಒಂದೂವರೆ ಗಂಟೆ ಬೇಕಾದರೆ, ಅಂಗಳದಲ್ಲಿ ಸಿಕ್ಕ ಸಮಯವೆಲ್ಲ ರಸ್ತೆಗೇ ಹೋಯಿತು. ಅಂಥವರಿಗೆ ನಾನು ಹೇಳುವುದು: ಹತ್ತಿರದ, ಪ್ರೀತಿಯಿಂದ ನೋಡಿಕೊಳ್ಳುವ ಸಾಧಾರಣ ಶಾಲೆಗೆ ಹಾಕಿ, ಉಳಿದ ಸಮಯವನ್ನು ಪಾರ್ಕಿಗೆ ಕೊಡಿ. ಶಾಲೆ ಮನೆಯಿಂದ ಇಪ್ಪತ್ತು ನಿಮಿಷದೊಳಗಿದ್ದು, ಮೇಲಿನ ಪ್ರಶ್ನೆಗಳಿಗೆ ಒಳ್ಳೆಯ ಉತ್ತರ ಸಿಕ್ಕು, ಶುಲ್ಕ ಹೊರೆಯಾಗದಿದ್ದರೆ ಮಾತ್ರ ‘ನೇಚರ್’ ಶಾಲೆ ಸೇರಿಸಿ.

ಅಂಗನವಾಡಿಯನ್ನು ಮಧ್ಯಮ ವರ್ಗದವರು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ ಎಂಬುದು ನನಗೆ ಬೇಸರ ತರುವ ಸಂಗತಿ. 1975ರಲ್ಲಿ ಈ ಯೋಜನೆ ಶುರುವಾದಾಗ ಕರ್ನಾಟಕದಲ್ಲಿ ಮೊದಲು ಬಂದದ್ದು ಟಿ. ನರಸೀಪುರಕ್ಕೆ. ಈಗ ಮೂರರಿಂದ ಆರು ವರ್ಷದ ಮಕ್ಕಳಿಗೆ ಊಟ, ಕಲಿಕೆ ಎರಡೂ ಉಚಿತ. ನಗರದ ಅನೇಕ ಅಂಗನವಾಡಿಗಳು ಒಂದೇ ಕೋಣೆಯ ಬಾಡಿಗೆ ಮನೆಯಲ್ಲಿವೆ ಎಂಬ ಕೊರತೆ ನಿಜ. ಆದರೆ ಸರ್ಕಾರಿ ಶಾಲೆಯ ಆವರಣದಲ್ಲಿರುವುದು ಸಿಕ್ಕರೆ ಮೈದಾನ, ಮರ, ಓರಗೆಯವರು ಎಲ್ಲ ಇರುತ್ತಾರೆ, ಮೊದಲು ಅದನ್ನು ಹೋಗಿ ನೋಡಿ. ಶಾಲೆ ಯಾವುದಾದರೂ, ಫೆಬ್ರವರಿ ಮತ್ತು ಆಗಸ್ಟ್‌ನಲ್ಲಿ ಅಂಗನವಾಡಿಯಲ್ಲಿ ಕೊಡುವ ಜಂತುಹುಳು ಮಾತ್ರೆಯನ್ನು ಮಣ್ಣಿನಲ್ಲಿ ಆಡುವ ಮಗುವಿಗೆ ತಪ್ಪಿಸಬೇಡಿ.

ನಿಮ್ಮ ಮನೆಗೆ ಯಾವುದು

ಎರಡು, ಮೂರು ವರ್ಷದ ಮಗು, ಮನೆಯಲ್ಲಿ ಅಜ್ಜ ಅಜ್ಜಿ ಇದ್ದಾರೆ ಎಂದರೆ ವಾರ್ಡಿನ ಪಾರ್ಕು ಮತ್ತು ಮನೆಯಲ್ಲೊಂದು ಮಣ್ಣಿನ ತೊಟ್ಟಿ. ಬೇರೇನೂ ಬೇಡ. ಅಜ್ಜಿಗೆ ಓಡಲಾಗದಿದ್ದರೆ ಒಂದೇ ಗೇಟಿರುವ, ಸುತ್ತ ಬೇಲಿಯಿರುವ ಪಾರ್ಕು ನೋಡಿ.

ಬಾಡಿಗೆ ಮನೆ, ಪಾರ್ಕು ದೂರ, ಕೈಯಲ್ಲಿ ಹಣ ಕಡಿಮೆ ಎಂದರೆ ಮನೆಮಾಲೀಕರನ್ನು ಕೇಳಿ ಟೆರೇಸಿನಲ್ಲಿ ನಾಲ್ಕು ಗ್ರೋಬ್ಯಾಗ್ ಇಡಿ. ಅಡುಗೆಮನೆಯ ಮೆಂತ್ಯ, ಹುರುಳಿ ಬಿತ್ತಿದ ವಾರದೊಳಗೆ ಮೊಳೆಯುತ್ತವೆ, ಕೊತ್ತಂಬರಿಗೆ ಇನ್ನಷ್ಟು ದಿನ ಬೇಕು. ತಿಂಗಳಿಗೆರಡು ಭಾನುವಾರ ಬಿಎಂಟಿಸಿ ಅಥವಾ ಮೆಟ್ರೋದಲ್ಲಿ ಕಬ್ಬನ್ ಪಾರ್ಕು. ಮನೆಯಲ್ಲೇ ಚಿತ್ರಾನ್ನ ತಿಂದು, ನೀರು ತೆಗೆದುಕೊಂಡು ಹೊರಟರೆ ಪ್ರಯಾಣದ ಖರ್ಚು ಬಿಟ್ಟು ಮತ್ತೇನಿಲ್ಲ. ಟೆರೇಸಿನ ಕಟ್ಟೆ ಮಗು ಬಗ್ಗಿ ನೋಡಲಾಗದಷ್ಟು ಎತ್ತರವಿರಬೇಕು, ಹತ್ತಲು ಸಿಗುವಂತೆ ಕುಂಡ, ಕುರ್ಚಿ ಅದರ ಪಕ್ಕ ಇಡಬಾರದು.

ಅಪಾರ್ಟ್‌ಮೆಂಟು, ಹಣದ ತೊಂದರೆಯಿಲ್ಲ, ಆದರೆ ಸಮಯವಿಲ್ಲ ಎನ್ನುವವರು ಫಾರ್ಮ್ ಸ್ಟೇಗೆ ಕೊಡುವ ದುಡ್ಡನ್ನು ಅಸೋಸಿಯೇಷನ್ನಿನ ಮಣ್ಣಿನ ಮೂಲೆಗೆ ಹಾಕಿ. ನಿಮ್ಮ ಮಗುವಿನ ಜತೆ ಇನ್ನೂ ಐವತ್ತು ಮಕ್ಕಳಿಗೆ ಅದು ಪ್ರತಿ ಸಂಜೆ ಸಿಗುತ್ತದೆ.

ಭಯ ಹೆಚ್ಚಿರುವ, ಕೈಗೆ ಮಣ್ಣು ತಾಗಿದರೆ ಅಳುವ ಮಗುವನ್ನು ನೇರ ಕಾಡಿಗೆ ಒಯ್ಯಬೇಡಿ. ಒಣ ಎಲೆ, ಕಾಯಿಗಳಿಂದ ಶುರುಮಾಡಿ, ಆಮೇಲೆ ಮರಳು, ಆಮೇಲೆ ಒದ್ದೆ ಮಣ್ಣು. ತಿಂಗಳುಗಟ್ಟಲೆ ಹಿಡಿಯಬಹುದು, ಹಿಡಿಯಲಿ. ಓಡುವುದನ್ನು ನಿಲ್ಲಿಸದ ಮಗುವಿಗೆ ಲಾಲ್‌ಬಾಗಿನ ಬಂಡೆ, ಕಬ್ಬನ್ ಪಾರ್ಕಿನ ಇಳಿಜಾರು ಬೇಕು, ಅಪಾರ್ಟ್‌ಮೆಂಟು ಅದಕ್ಕೆ ಸಾಲದು. ಗಾಲಿಕುರ್ಚಿ ಅಥವಾ ವಾಕರ್ ಬಳಸುವ ಮಗುವಿಗೆ ಹಾದಿ ಸಮತಟ್ಟಾಗಿರುವ ಕೆರೆಯ ದಂಡೆ ಅಥವಾ ಲಾಲ್‌ಬಾಗಿನ ಅಗಲ ರಸ್ತೆ ಅನುಕೂಲ. ಮಡಿಲಿಗೆ ಒಂದು ತಟ್ಟೆ ಇಟ್ಟು ಮಣ್ಣು, ಎಲೆ, ಕಾಯಿ ಅಲ್ಲಿಗೇ ಬರುವಂತೆ ಮಾಡಿ.

ಅಪ್ಪ ಅಮ್ಮ ಇಬ್ಬರೂ ರಾತ್ರಿ ಏಳಕ್ಕೆ ಮನೆ ತಲುಪುವವರು ಬೆಳಗನ್ನು ಹಿಡಿದುಕೊಳ್ಳಿ. ವ್ಯಾನು ಬರುವ ಮೊದಲಿನ ನಲವತ್ತು ನಿಮಿಷ, ಹಳೆಯ ಬಟ್ಟೆ, ಹತ್ತಿರದ ಪಾರ್ಕು. ಡಿಸೆಂಬರ್, ಜನವರಿಯಲ್ಲಿ ಚಳಿಯಿದ್ದರೆ ಸ್ವೆಟರ್ ಹಾಕಿ. ಜುಲೈನಿಂದ ಡೆಂಗಿ ಕಾಲ, ಅದನ್ನು ಹರಡುವ ಸೊಳ್ಳೆ ಹಗಲಲ್ಲೇ ಕಚ್ಚುತ್ತದೆ, ಆಗ ತುಂಬುತೋಳಿನ ಅಂಗಿ. ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಮಳೆ ಜಾಸ್ತಿ, ಗುಡುಗಿಲ್ಲದ ಜಿನುಗು ಮಳೆಯಾದರೆ ಗಮ್‌ಬೂಟು ಹಾಕಿ ಹೊರಡಿ. ವಾಪಸ್ ಬಂದಮೇಲೆ ಸ್ನಾನಕ್ಕೆ ಬೇಕಾಗುವ ಹತ್ತು ನಿಮಿಷವನ್ನೂ ಸೇರಿಸಿಯೇ ಅಲಾರಂ ಇಡಿ.